ಅರ್ಧ ಕಿಲೋ

ಮುಲುಂಡಿನ ಒಂದು ಸಣ್ಣ ಕಾಲೇಜಿನಲ್ಲಿ ನಾನು ಹುಡುಗಿಯರಿಗೆ ಕಬಡ್ಡಿ ಕಲಿಸುತ್ತೇನೆ. ಸಣ್ಣದೆಂದರೆ ನಿಜವಾಗಿಯೂ ಸಣ್ಣದು. ಹುಡುಗಿಯೊಬ್ಬಳು ರೇಡಿಗೆ ಹೋದರೆ ಅವಳ ಉಸಿರು ಕ್ಯಾಂಟೀನಿನಲ್ಲಿ ಚಹಾ ಸೋಸುವವನಿಗೂ ಕೇಳಿಸುತ್ತದೆ. ಟೂರ್ನಮೆಂಟು ಹತ್ತಿರ ಬಂದ ಹಾಗೆ ನಾನು ರಾಕ್ಷಸಿಯಾಗುತ್ತೇನೆ ಎಂದು ಹುಡುಗಿಯರು ತಮ್ಮತಮ್ಮಲ್ಲೇ ಆಡಿಕೊಳ್ಳುವುದು ನನಗೆ ಗೊತ್ತಿಲ್ಲದ್ದೇನಲ್ಲ. ತೂಕದ ಮಷೀನಿನ ಮುಂದೆ ನಾನು ಯಾರ ಮುಖವನ್ನೂ ನೋಡುವುದಿಲ್ಲ. ಅಂಕಿಯನ್ನು ನೋಡುತ್ತೇನೆ, ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಹೇಳುತ್ತೇನೆ, ಮುಂದಿನವಳನ್ನು ಕರೆಯುತ್ತೇನೆ. ಹೋದ ಸೀಸನ್ನಿನಲ್ಲಿ ಒಬ್ಬಳ ತಾಯಿ ಆಫೀಸಿಗೆ ರಜೆ ಹಾಕಿ ಕಾಲೇಜಿಗೇ ಬಂದುಬಿಟ್ಟರು.

“ಆಧಾ ಕಿಲೋ ಹೀ ತೋ ಥಾ ಮೇಡಂ. ಬಚ್ಚೀ ಕೋ ಬೋಲನೇ ಕೀ ಕ್ಯಾ ಜರೂರತ್ ಥೀ?”

ಬರೀ ಅರ್ಧ ಕಿಲೋಗೆ ಮಗುವಿಗೆ ಹಾಗೆ ಹೇಳಬೇಕಿತ್ತೇ ಎಂದು ಕೇಳಿದ ಅವರನ್ನು ಕೂರಿಸಿ ಚಹಾ ತರಿಸಿದೆ. ಕ್ಷಮೆ ಮಾತ್ರ ಕೇಳಲಿಲ್ಲ. ಅರ್ಧ ಕಿಲೋ ಒಂದು ಮನೆಯನ್ನು ಏನು ಮಾಡಬಲ್ಲದು ಎಂದು ನಾನು ಹದಿಮೂರನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡವಳು. ಅದನ್ನು ಹಿಂದಿಯಲ್ಲಿ, ಚಹಾ ಆರುವುದರೊಳಗೆ ಹೇಳಲು ನನ್ನಿಂದ ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮ ಮನೆ ಆಂಟಾಪ್ ಹಿಲ್ಲಿನ ಒಂದು ಕಾಲೊನಿಯ ಎರಡನೇ ಮಾಳಿಗೆಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಹತ್ತು ಮನೆಗಳಿಗೂ ಸೇರಿದ ಉದ್ದನೆಯ ಗ್ಯಾಲರಿ. ಅಪ್ಪ ವಡಾಲದ ಒಂದು ಸಣ್ಣ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬ್ ಅಟೆಂಡೆಂಟ್ ಆಗಿದ್ದ. ಅವನು ಕಬಡ್ಡಿ ಕೋಚ್ ಆದದ್ದು ಹೇಗೆಂದರೆ, ಒಮ್ಮೆ ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು ಕಬಡ್ಡಿ ಗೊತ್ತಿರುವವರು ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರಂತೆ. ಪ್ರೊಫೆಸರುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಬಾಗಿಲ ಹತ್ತಿರ ಪರೀಕ್ಷಾ ನಳಿಕೆಗಳ ಟ್ರೇ ಹಿಡಿದು ನಿಂತಿದ್ದ ಅಪ್ಪ, ಕೈ ಎತ್ತಲು ಆಗದೆ, ‘ನನಗ ಗೊತ್ತೈತ್ರಿ’ ಎಂದು ಕನ್ನಡದಲ್ಲೇ ಹೇಳಿಬಿಟ್ಟ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವನೇ ಕೋಚ್. ಕಾಲೇಜಿನ ಯಾವ ಕಾಗದದಲ್ಲೂ ಆ ಶಬ್ದ ಅವನ ಹೆಸರಿನ ಮುಂದೆ ಬರಲಿಲ್ಲ. ಬೆಳಿಗ್ಗೆ ಐದೂವರೆಯಿಂದ ಏಳೂವರೆಯವರೆಗೆ ಹುಡುಗರು ಅವನನ್ನು ‘ಸರ್’ ಎನ್ನುತ್ತಿದ್ದರು, ಹತ್ತು ಗಂಟೆಗೆ ಅದೇ ಹುಡುಗರ ಪ್ರೊಫೆಸರುಗಳು ‘ಏ ಮಲ್ಲಪ್ಪಾ, ಬೀಕರ್ ತೊಳೆದಿಯಾ?’ ಎನ್ನುತ್ತಿದ್ದರು. ಎರಡಕ್ಕೂ ಅವನು ಒಂದೇ ದನಿಯಲ್ಲಿ ಓಗೊಡುತ್ತಿದ್ದ. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಮನೆಯಲ್ಲಂತೂ ಅವನು ಪೂರ್ತಿ ಕೋಚ್. ಗ್ಯಾಲರಿಯ ಹಗ್ಗದ ಮೇಲೆ ಏಳು ಜೆರ್ಸಿಗಳು ಒಣಗುತ್ತಿದ್ದವು, ಪಕ್ಕದ ಮನೆಯ ಮರಾಠಿ ಕಾಕೂ ತಮ್ಮ ಸೀರೆಗೆ ಜಾಗವಿಲ್ಲವೆಂದು ವಾರಕ್ಕೊಮ್ಮೆ ಜಗಳ ತೆಗೆಯುತ್ತಿದ್ದರು. ಕೋಣೆಯ ನೆಲದ ಮೇಲೆ ಅಪ್ಪ ಸುಣ್ಣದ ಕಡ್ಡಿಯಿಂದ ಅಂಕಣವನ್ನು ಬರೆಯುತ್ತಿದ್ದ. ನಡುಗೆರೆ, ಬೋನಸ್ ಗೆರೆ, ಎಲ್ಲ ಅಳತೆ ಮಾಡಿ. ಅದರ ಮೇಲೆ ಏಳು ಸ್ಟೀಲು ಲೋಟಗಳನ್ನಿಟ್ಟು, ಕಾರ್ನರಿನವನು ಎಲ್ಲಿ ನಿಲ್ಲಬೇಕು, ಕವರಿನವನು ಯಾವಾಗ ಮುನ್ನುಗ್ಗಬೇಕು ಎಂದು ಸರಿಸುತ್ತ ಕೂರುತ್ತಿದ್ದ. ಮನೆಯಲ್ಲಿದ್ದದ್ದೇ ಏಳು ಲೋಟ. ನೆಂಟರು ಬಂದರೆ ಅವ್ವ ಆಟ ಮುಗಿಯುವವರೆಗೆ ಚಹಾ ಕುದಿಸುತ್ತಲೇ ಇರಬೇಕಾಗುತ್ತಿತ್ತು.

ಗೋಡೆಯ ಬದಿಗೆ, ದೇವರ ಗೂಡಿನ ಕೆಳಗೆ, ತೂಕದ ಮಷೀನು. ಬಂದರದ ಕಡೆಯ ಯಾವುದೋ ಗೋದಾಮಿನದು, ಅಪ್ಪ ಭಂಗಾರದವನ, ಅಂದರೆ ಗುಜರಿಯವನ, ಹತ್ತಿರ ಕಂಡು, ಬಿಚ್ಚಿ ಎಣ್ಣೆ ಹಾಕಿ ಸರಿಮಾಡಿದ್ದ. ಪಾದದ ಹತ್ತಿರ ದುಂಡನೆಯ ಗಡಿಯಾರದಂಥ ಮುಖ, ಅರ್ಧ ಅರ್ಧ ಕಿಲೋಗೆ ಒಂದು ಗೆರೆ, ಒಂದು ಕಪ್ಪು ಮುಳ್ಳು. ನಮ್ಮ ಹುಡುಗರು ಆಡುತ್ತಿದ್ದ ಟೂರ್ನಮೆಂಟುಗಳಿಗೆ ಅರವತ್ತು ಕಿಲೋ ಮಿತಿ ಇರುತ್ತಿತ್ತು. ಆಟದ ದಿನ ಬೆಳಿಗ್ಗೆ ತೂಗುತ್ತಿದ್ದರು, ಹೆಚ್ಚಾದವನು ಹೊರಗೆ. ಹಾಗಾಗಿ ಮನೆಗೆ ಬಂದ ಆಟಗಾರ ಚಪ್ಪಲಿ ಬಿಟ್ಟು ನೇರ ಮಷೀನು ಹತ್ತಬೇಕು. ಹತ್ತಿದವನು ಎದುರಿನ ಗೋಡೆಯನ್ನೇ ನೋಡಬೇಕು, ಬಗ್ಗಿದರೆ ಮುಳ್ಳು ಅಲುಗುತ್ತದೆ. ಓದುವವಳು ನಾನು. ಲ್ಯಾಬಿನಲ್ಲಿ ಬ್ಯೂರೆಟ್ ಓದುವ ಹಾಗೆ ಕಣ್ಣು ಮುಳ್ಳಿನ ಮಟ್ಟಕ್ಕೇ ಬರಬೇಕೆಂದು ಅಪ್ಪ ನನ್ನನ್ನು ಮೊಣಕಾಲೂರಿಸಿ, ಗಲ್ಲ ನೆಲಕ್ಕೆ ತಾಗುವಂತೆ ಕೂರಿಸಿ ಕಲಿಸಿದ್ದ. ಶಾಲೆಯಲ್ಲಿ ನನಗೆ ಯಾವ ಬಹುಮಾನವೂ ಬರುತ್ತಿರಲಿಲ್ಲ. ಈ ಒಂದು ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನನಗೆ ಭಾರೀ ಜಂಬವಿತ್ತು.

ಅಪ್ಪ ತೂಗುವವನಾದರೆ ಅವ್ವ ಉಣ್ಣಿಸುವವಳು. ವಿಜಯಪುರದ ಕಡೆಯವಳು, ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದರೂ ಬರಿಹೊಟ್ಟೆಯಲ್ಲಿ ಕಳಿಸಿದವಳಲ್ಲ. ಇಬ್ಬರ ಜಗಳಕ್ಕೆ ಬೇರೆ ಕಾರಣವೇ ಬೇಕಿರಲಿಲ್ಲ.

“ಬಂದವ್ರಿಗೆ ನೀರು ಕೊಡೂಕಿಂತ ಮೊದಲ ತಕ್ಕಡಿ ಹತ್ತಸ್ತೀರಲ್ರಿ, ಇದೇನು ಮನೀನೋ ಅಡತಿ ಅಂಗಡೀನೋ?”

“ತಕ್ಕಡಿ ಸುಳ್ಳು ಹೇಳೂದಿಲ್ಲ. ನಿನ್ನ ಹೋಳಿಗಿ ಹೇಳತೈತಿ.”

“ನನ್ನ ಹೋಳಿಗಿ ಏನು ಸುಳ್ಳು ಹೇಳತೈತ್ರಿ?”

“ಇನ್ನೊಂದು ತಿಂದ್ರ ಏನೂ ಆಗೂದಿಲ್ಲ ಅಂತ ಹೇಳತೈತಿ.”

ಅವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ವರ್ಷಕ್ಕೊಂದು ದಿನ ಅಪ್ಪ ತಾನಾಗಿಯೇ ಸೋಲುತ್ತಿದ್ದ. ಅದು ಎಳ್ಳಮಾವಾಸ್ಯೆ. ಊರಿನಲ್ಲಿ ಅವತ್ತು ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ನಮಗೆ ಊರಿನಲ್ಲೇ ಹೊಲವಿರಲಿಲ್ಲ, ಮುಂಬೈಯಲ್ಲಿ ಎಲ್ಲಿಂದ ಬರಬೇಕು? ಅವ್ವ ಸಜ್ಜಿರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಕಾಲೇಜಿನ ಕಬಡ್ಡಿ ಅಂಕಣಕ್ಕೆ ಹೋಗಿ ಅದರ ನಾಲ್ಕೂ ಮೂಲೆಗೆ ಚರಗ ಚೆಲ್ಲುತ್ತಿದ್ದಳು. ಮೊದಲ ಸಲ ವಾಚ್‌ಮನ್ ತಡೆದಾಗ, ‘ಹಮಾರಾ ಖೇತ್ ಯಹೀ ಹೈ’, ನಮ್ಮ ಹೊಲ ಇದೇ, ಎಂದು ಅವನ ಕೈಗೂ ಒಂದು ಹೋಳಿಗೆ ಇಟ್ಟಳಂತೆ. ಅವತ್ತು ಅಂಕಣದಲ್ಲಿದ್ದವರೆಲ್ಲ ಉಣ್ಣಲೇಬೇಕು, ಮಷೀನಿನ ಮಾತು ಎತ್ತುವಂತಿಲ್ಲ.

ನಾನು ಹೇಳುತ್ತಿರುವ ವರ್ಷ ಟೂರ್ನಮೆಂಟು ಎಳ್ಳಮಾವಾಸ್ಯೆಯ ದಿನವೇ ಬಂತು. ಬೆಳಿಗ್ಗೆ ಒಂಬತ್ತಕ್ಕೆ ತೂಕ, ಹತ್ತಕ್ಕೆ ಆಟ. ಆ ವರ್ಷ ಟೀಮಿನ ಕುತ್ತಿಗೆಗೇ ಬಂದಿತ್ತು. ಅಂಕಣದ ಜಾಗದಲ್ಲಿ ಪರೀಕ್ಷೆಗೆಂದು ಶೆಡ್ಡು ಕಟ್ಟಬೇಕೆಂಬ ಮಾತು ಶುರುವಾಗಿ, ಜನವರಿಯ ಅಂತರಕಾಲೇಜು ಪಂದ್ಯಕ್ಕೆ ಏಳು ಹೆಸರು ಕೊಡಲಾಗದಿದ್ದರೆ ಇನ್ನು ಕಬಡ್ಡಿಯೇ ಬೇಡ ಎಂದು ಪ್ರಿನ್ಸಿಪಾಲರು ಅಪ್ಪನಿಗೆ ಹೇಳಿದ್ದರು. ದೊಡ್ಡ ಕಾಲೇಜುಗಳಲ್ಲಿ ಏಳಕ್ಕೆ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ನಮ್ಮಲ್ಲಿ ಇದ್ದದ್ದೇ ಏಳು. ಆ ಏಳರಲ್ಲಿ ರೇಡಿಗೆ ಹೋಗಿ ಪಾಯಿಂಟು ತರುವವನು ಒಬ್ಬನೇ, ಪರಶುರಾಮ. ಕಲಬುರಗಿ ಕಡೆಯ ಹುಡುಗ, ತಂದೆತಾಯಿ ವಡಾಲದಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ನಾನು ಅವನನ್ನು ಪರಶಣ್ಣ ಎನ್ನುತ್ತಿದ್ದೆ. ಮೈಗೆ ಊಟ ಹತ್ತುವ ವಯಸ್ಸು, ಅರವತ್ತರ ಒಳಗೆ ನಿಲ್ಲಲು ಅವನು ಪಡುತ್ತಿದ್ದ ಪಾಡು ದೇವರಿಗೇ ಪ್ರೀತಿ.

ಅವತ್ತು ಬೆಳಿಗ್ಗೆ ಅಪ್ಪ ಆಗಲೇ ಮೈದಾನಕ್ಕೆ ಹೋಗಿದ್ದ. ಆರೂವರೆಗೆ ಪರಶಣ್ಣ ತೂಗಿಕೊಳ್ಳಲು ಬಂದ. ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ತುಟಿ ಒಡೆದಿದ್ದವು, ಕಣ್ಣು ಒಳಗೆ ಹೋಗಿದ್ದವು. ಮನೆ ತುಂಬ ಶೇಂಗಾ ಹುರಿದ ವಾಸನೆ. ಅವ್ವ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಮೊಣಕಾಲೂರಿ ಕೂತೆ. ಮುಳ್ಳು ಅರವತ್ತನ್ನು ದಾಟಿ ಒಂದು ಗೆರೆ ಮುಂದೆ ನಿಂತಿತ್ತು. ಅರವತ್ತೂವರೆ.

“ಎಷ್ಟದ ಕಸ್ತೂರಿ?”

ನಾನು ತಲೆಯೆತ್ತಿ ಅವನ ಮುಖ ನೋಡಿದೆ. ಅದೇ ನನ್ನ ತಪ್ಪು. ಆ ಮುಖ ನೋಡಿದ ಮೇಲೆ ನನ್ನ ಬಾಯಿಂದ ಅಂಕಿ ಹೊರಡಲಿಲ್ಲ.

“ಐವತ್ತೊಂಬತ್ತೂವರಿ, ಪರಶಣ್ಣ.”

“ಖರೇನ?”

“ಖರೆ. ಇನ್ನೂ ಅರ್ಧಾ ಕಿಲೋ ಜಾಗಾ ಐತಿ.”

ಅವ್ವನ ಮುಖ ಅರಳಿತು. ‘ಹಬ್ಬದ ದಿನ ಹಸದ ಹೊಟ್ಟೀಲೆ ಆಡಾಕ ಕಳಸ್ತೀನೇನು, ಕೂಡು ಮಗನ’ ಎಂದು ಅವನನ್ನು ಕೂರಿಸಿ ಒಂದು ರೊಟ್ಟಿ, ಭಜ್ಜಿ, ಅರ್ಧ ಹೋಳಿಗೆ ಕೊಟ್ಟಳು. ಅಂಜುತ್ತಂಜುತ್ತಲೇ ಅಳತೆ ಮಾಡಿ ಕೊಟ್ಟಳು, ಅದನ್ನು ಇಲ್ಲಿ ಹೇಳಲೇಬೇಕು. ಅವನು ತಲೆ ತಗ್ಗಿಸಿ ತಿಂದ. ನಾನು ಏನೋ ದೊಡ್ಡ ಪುಣ್ಯದ ಕೆಲಸ ಮಾಡಿದವಳಂತೆ ನೋಡುತ್ತ ಕೂತಿದ್ದೆ. ಅರ್ಧ ಕಿಲೋ ತಾನೇ, ಮೈದಾನದವರ ಮಷೀನು ಅಷ್ಟೆಲ್ಲ ಕಟ್ಟುನಿಟ್ಟಾಗಿರಲಿಕ್ಕಿಲ್ಲ ಎಂದುಕೊಂಡೆ.

ಮೈದಾನದಲ್ಲಿ ತೂಗುವಾಗ ನಮ್ಮ ಟೀಮಿನ ಸರದಿ ಕೊನೆಗೆ ಬಂತು. ತೂಕದ ವೇಳೆ ಮುಗಿಯಲು ಹತ್ತು ನಿಮಿಷವಿತ್ತು. ಪರಶಣ್ಣನದು ಅರವತ್ತು ಕಿಲೋ ಎಂಟುನೂರು ಗ್ರಾಂ. ಮೇಜಿನ ಹಿಂದೆ ಕೂತವರು ‘ನಾಹೀ ಚಾಲಣಾರ್’ ಎಂದು ಅವನ ಹೆಸರಿನ ಮೇಲೆ ಗೆರೆ ಎಳೆಯಲು ಪೆನ್ನು ಎತ್ತಿದರು. ಪರಶಣ್ಣ ಜೆರ್ಸಿ ಬಿಚ್ಚಿ ಮೈದಾನದ ಸುತ್ತ ಓಡಿದ, ಮತ್ತೆ ಹತ್ತಿದ, ಎಂಟುನೂರರಲ್ಲಿ ನೂರೂ ಇಳಿಯಲಿಲ್ಲ. ಅಪ್ಪ ವಾಪಸು ಹೋಗೋಣ ಎನ್ನಲಿಲ್ಲ. ಆರು ಜನರನ್ನೇ ಇಳಿಸಿದ. ಆರು ಜನ ಆಡಬಹುದು, ನಿಯಮವಿದೆ. ಆದರೆ ರೇಡರ್ ಇಲ್ಲದ ಆರು ಜನ ಎಷ್ಟು ಹೊತ್ತು ಆಡಿಯಾರು? ಒಬ್ಬೊಬ್ಬರಾಗಿ ಔಟಾಗಿ ಗೆರೆಯ ಹೊರಗೆ ಬಂದು ಕೂತರು. ಕೊನೆಯವನು ಒಬ್ಬನೇ ಉಳಿದಾಗಲೂ ಅಪ್ಪ ಗೆರೆಯ ಪಕ್ಕ ನಿಂತೇ ಇದ್ದ, ‘ಗೆರಿ ಬಿಡಬ್ಯಾಡ, ಗೆರಿ ಬಿಡಬ್ಯಾಡ’ ಎಂದು ಕೂಗುತ್ತಲೇ ಇದ್ದ. ಪರಶಣ್ಣ ಆಟ ಮುಗಿಯುವ ಮೊದಲೇ ಹೊರಟುಹೋಗಿದ್ದ. ಮರುದಿನ ಪ್ರಾಕ್ಟೀಸಿಗೆ ಬರಲಿಲ್ಲ, ಕಾಲೇಜಿಗೂ ಬರಲಿಲ್ಲ.

ಮನೆಗೆ ಬಂದ ಅಪ್ಪ ಅವ್ವನಿಗೆ ಒಂದೇ ಒಂದು ಮಾತು ಕೇಳಿದ.

“ಏನು ಹಾಕಿದಿ ಅವಗ?”

ಅವ್ವ ಹೇಳಿದಳು, ನಾನು ಓದಿದ ಐವತ್ತೊಂಬತ್ತೂವರೆಯನ್ನೂ ಸೇರಿಸಿ. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಅಪ್ಪ ಮುಂದೆ ಏನೂ ಅನ್ನಲಿಲ್ಲ. ಬೈದಿದ್ದರೆ ಅವಳೂ ಬೈದು ಹಗುರಾಗುತ್ತಿದ್ದಳು. ಅವತ್ತಿನಿಂದ ಮನೆಯಲ್ಲಿ ಮಾತು ನಿಂತಿತು. ಉಳಿದ ಆರು ಹುಡುಗರು ಬಂದರೆ ಅವ್ವ ನೀರಿನ ತಂಬಿಗೆ ಹೊಸ್ತಿಲಲ್ಲಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ‘ಉಂಡು ಹೋಗ್ರೋ’ ಎಂಬ ಮಾತು ಅವಳ ಬಾಯಿಂದ ಹೋಯಿತು. ಒಂದು ದಿನ ಕಾಕೂ ಹತ್ತಿರ, ‘ಮೇರೇ ಹಾಥ್ ಸೇ ಹೀ ಬಿಗಡಾ’, ನನ್ನ ಕೈಯಿಂದಲೇ ಕೆಟ್ಟಿತು, ಎಂದು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ನನಗೆ ಅಲ್ಲೇ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಆದರೂ ಬಾಯಿ ಬಿಡಲಿಲ್ಲ. ಹೇಳಿದರೆ ಅಪ್ಪ ಇನ್ನೆಂದೂ ನನ್ನನ್ನು ಮಷೀನಿನ ಹತ್ತಿರ ಕರೆಯುವುದಿಲ್ಲ ಎಂಬ ಹೆದರಿಕೆ. ಮೂರು ವಾರ ಹೀಗೇ ಕಳೆಯಿತು. ಹೆಸರು ಕೊಡಲು ನಾಲ್ಕು ದಿನ ಉಳಿದಿತ್ತು, ಏಳನೆಯ ಹೆಸರು ಇರಲಿಲ್ಲ. ಅಪ್ಪ ಎರಡು ಸಲ ಪರಶಣ್ಣನ ಮನೆಗೆ ಹೋಗಿ ಬಂದಿದ್ದ. ‘ಆಗಂಗಿಲ್ರಿ ಸರ್’ ಎಂದಷ್ಟೇ ಹೇಳಿ ಕಳಿಸಿದ್ದನಂತೆ.

ಆ ಭಾನುವಾರ ಬೆಳಿಗ್ಗೆ ಅಪ್ಪ ಕೆಳಗಿನ ಕಿರಾಣಿ ಅಂಗಡಿಯಿಂದ ತೂಕದ ಕಬ್ಬಿಣದ ಕಲ್ಲುಗಳನ್ನು ಕೇಳಿ ತಂದ. ಒಂದೊಂದಾಗಿ ಮಷೀನಿನ ಮೇಲಿಟ್ಟು, ನೆಲಕ್ಕೆ ಗಲ್ಲ ತಾಗಿಸಿ ತಾನೇ ಓದಿದ. ಇಪ್ಪತ್ತು ಇಟ್ಟರೆ ಇಪ್ಪತ್ತು, ನಲವತ್ತು ಇಟ್ಟರೆ ನಲವತ್ತು. ಎದ್ದು ಕೂತು ಗೋಡೆಗೆ ಹೇಳಿದ ಹಾಗೆ ಹೇಳಿದ:

“ಮಷೀನು ಸರಿ ಐತಿ. ಹಂಗಾರ ಒಂದು ರೊಟ್ಟಿ, ಅರ್ಧಾ ಹೋಳಿಗಿ ಒಂದು ಕಿಲೋದ ಮ್ಯಾಲೆ ಮುನ್ನೂರು ಗ್ರಾಂ ಹೆಂಗ ಆದೂವು?”

ನನ್ನ ಕಡೆಗೆ ಅವನು ನೋಡಲೂ ಇಲ್ಲ. ಕಲ್ಲುಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತ ಕೂತ. ಅವನು ಕಾಯುತ್ತಿದ್ದಾನೆಂದು ನನಗೆ ಗೊತ್ತಾಯಿತು. ಅಳು ಮೊದಲು ಬಂತು, ಮಾತು ಆಮೇಲೆ.

“ಅರವತ್ತೂವರಿ ಇತ್ತಪ್ಪಾ. ನಾ ಸುಳ್ಳು ಹೇಳಿದೆ.”

ಅಡುಗೆಮನೆಯಿಂದ ಅವ್ವ ಬಂದದ್ದೇ ನನ್ನ ಬೆನ್ನ ಮೇಲೆ ಒಂದು ಗುದ್ದು ಹಾಕಿದಳು. ಅವಳು ನನಗೆ ಹೊಡೆದದ್ದು ಅದೊಂದೇ ಸಲ. ಹೊಡೆದ ಕೈಯನ್ನೇ ನೋಡಿಕೊಳ್ಳುತ್ತ ಕೆಳಗೆ ಕುಸಿದು ಕೂತಳು.

“ಮೂರು ವಾರಾ ನನ್ನ ಕೈನ ಕೆಟ್ಟದ್ದು ಅನ್ಕೊಂಡು ಕುಂತಿದ್ನೆಲ್ಲಾ ನಮ್ಮವ್ವಾ! ನೋಡ್ಕೋತ ಇದ್ದೆಲ್ಲ ನೀ!”

ಅಪ್ಪ ಅವಳ ಪಕ್ಕ ಹೋಗಿ ಕೂತ. ‘ನಂದೂ ತಪ್ಪೈತಿ, ಲೆಕ್ಕಾ ಅವತ್ತ ಮಾಡಬೇಕಿತ್ತು’ ಎಂದು ಅವಳಿಗೆ ಹೇಳಿದ. ಆಮೇಲೆ ನನ್ನನ್ನು ಹತ್ತಿರ ಕರೆದ.

“ಯಾಕ ಸುಳ್ಳು ಹೇಳಿದಿ?”

“ಪಾಪ ಅನ್ನಸ್ತಪ್ಪಾ. ಅಂವ ಭಾಳ ಹಸದಿದ್ದ.”

“ನೀ ಖರೆ ಹೇಳಿದ್ರ ಅವಗ ಎರಡೂವರಿ ತಾಸು ಸಿಗತಿದ್ದೂ ಕಸ್ತೂರಿ. ಎರಡು ಅಂಗಿ ಹಾಕ್ಕೊಂಡು ಓಡಿದ್ರ ಅರ್ಧಾ ಕಿಲೋ ಇಳೀತಿತ್ತು. ಆ ಎರಡೂವರಿ ತಾಸು ಅವಂದು. ಅದನ್ನ ನೀ ಕಸಗೊಂಡಿ.”

ಎಷ್ಟೋ ಕೋಚುಗಳ ಮಾತು ಕೇಳಿದ್ದೇನೆ, ಶಿಬಿರಗಳಿಗೆ ಹೋಗಿದ್ದೇನೆ, ಸರ್ಟಿಫಿಕೇಟುಗಳನ್ನು ತಂದಿದ್ದೇನೆ. ನಾನು ಕಲಿತದ್ದೆಲ್ಲ ಆ ಮಾತಿನಲ್ಲೇ ಇತ್ತು. ನಾನು ಅವತ್ತು ಪರಶಣ್ಣನ ಮೇಲೆ ಕನಿಕರ ತೋರಿಸಲಿಲ್ಲ, ಅವನ ಕೈಲಿ ಆಗುವುದಿಲ್ಲ ಎಂದು ಅವನ ಪರವಾಗಿ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಅವತ್ತೇ ಅಪ್ಪ ನನ್ನನ್ನು ವಡಾಲಕ್ಕೆ ಕರೆದುಕೊಂಡು ಹೋದ. ಅರ್ಧ ಎದ್ದ ಬಿಲ್ಡಿಂಗಿನ ಕೆಳಗೆ ಪರಶಣ್ಣ ತಂದೆಯ ಜೊತೆ ಮರಳು ಸೋಸುತ್ತಿದ್ದ. ನಮ್ಮನ್ನು ಕಂಡು ಸಲಿಕೆ ಬಿಟ್ಟು ನಿಂತ. ಅಪ್ಪ ನನ್ನ ಹೆಗಲ ಮೇಲಿನಿಂದ ಕೈ ತೆಗೆದ. ನಾನು ಒಬ್ಬಳೇ ಮುಂದೆ ಹೋಗಿ, ಅರವತ್ತೂವರೆ ಇತ್ತು, ಬೇಕೆಂದೇ ಸುಳ್ಳು ಹೇಳಿದೆ ಎಂದೆ. ಅವನು ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದ.

“ನನಗ ಗೊತ್ತಿತ್ರಿ ಸರ್. ನಾನೂ ಕೆಳಗ ನೋಡಿದ್ದೆ. ಹೊಟ್ಟಿ ಹಸದಿತ್ತು. ಅಕಿ ಐವತ್ತೊಂಬತ್ತೂವರಿ ಅಂದ್ಲು, ನಾ ಅದನ್ನೇ ಹಿಡ್ಕೊಂಡು ಉಂಡೆ. ತಪ್ಪು ಅವ್ವಾರ ಮ್ಯಾಲ ಬಂತು ಅಂತ ಹುಡುಗ್ರಿಂದ ಗೊತ್ತಾಯ್ತು. ಅವರಿಗಿ ಹ್ಯಾಂಗ ಮಾರಿ ತೋರಿಸಲ್ರಿ?”

ಅಪ್ಪ ಅವನನ್ನೂ ನನ್ನನ್ನೂ ನೋಡಿದ. ಸಿಟ್ಟು ಬಂದಿತ್ತು, ಅದರ ಜೊತೆಗೇ ಏನೋ ಒಂದು ಭಾರ ಇಳಿದಂತೆಯೂ ಇತ್ತು.

“ನಾಳೆ ಐದೂವರಿಗೆ ಗ್ರೌಂಡು. ಇಬ್ಬರೂ.”

ಪರಶಣ್ಣ ಬರುತ್ತಾನೋ ಇಲ್ಲವೋ ಎಂದು ನಾನು ನಿದ್ದೆಗೆಟ್ಟೆ. ಬಂದ. ಮೊದಲು ನಮ್ಮ ಮನೆಗೆ ಬಂದು, ಅವ್ವನ ಕಾಲು ಮುಟ್ಟಿದ. ಅವ್ವ ಅವನ ತಲೆಯ ಮೇಲೆ ಕೈಯಿಟ್ಟು, ‘ಓಡಿ ಬಾ ಮೊದಲ, ಆಮ್ಯಾಲೆ ಉಣ್ಣಾಕ ಬಾ’ ಎಂದಳು. ಆ ವಾರ ಏಳು ಹೆಸರು ಹೋದವು. ಜನವರಿಯಲ್ಲಿ ಒಂದು ಪಂದ್ಯ ಗೆದ್ದು ಎರಡನೆಯದರಲ್ಲಿ ಸೋತೆವು. ಶೆಡ್ಡು ಬೇರೆ ಕಡೆ ಎದ್ದಿತು, ಅಪ್ಪ ನಿವೃತ್ತನಾಗುವವರೆಗೂ ಅಂಕಣ ಅಲ್ಲೇ ಉಳಿಯಿತು. ಅವೆಲ್ಲ ಆಮೇಲಿನ ಮಾತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಸೋಮವಾರದ ಬೆಳಿಗ್ಗೆ.

ಮೈದಾನದ ಸುತ್ತ ಹತ್ತು ಸುತ್ತು ಓಡಬೇಕೆಂದು ಅಪ್ಪ ಹೇಳಿದ. ನಾನು ಅಲ್ಲಿಯವರೆಗೆ ಆ ಮೈದಾನದಲ್ಲಿ ಆಡಲೆಂದು ಕಾಲಿಟ್ಟವಳಲ್ಲ, ಶಾಲೆಗೆ ತಡವಾದರೂ ಓಡಿದವಳಲ್ಲ. ಎಣಿಸುವ ಕೆಲಸ ಯಾರದೆಂದು ಹುಡುಗರು ಕೇಳಿದಾಗ ಅಪ್ಪ ನನ್ನತ್ತ ಬೆರಳು ಮಾಡಿ, ನಮ್ಮ ಕಡೆಗೆ ಬೆನ್ನು ತಿರುಗಿಸಿ ಉಳಿದ ಆರು ಜನರಿಗೆ ಕ್ಯಾಚು ಕಲಿಸಲು ಹೋದ. ಆರನೇ ಸುತ್ತಿಗೆ ನನ್ನ ಪಕ್ಕೆ ಹಿಡಿಯಿತು. ಏಳನೆಯದರಲ್ಲಿ ಚಪ್ಪಲಿ ಬಿಸಾಡಿದೆ. ಎಂಟನೆಯದು ಮುಗಿದಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಮೂರು ವಾರ ಪ್ರಾಕ್ಟೀಸು ಬಿಟ್ಟಿದ್ದ ಪರಶಣ್ಣ ಪಕ್ಕದಲ್ಲಿ ಕೊಲ್ಲಾರಿ ಬಂಡಿಯ ಎತ್ತಿನಂತೆ ಏದುತ್ತಿದ್ದ. ಅಪ್ಪ ಒಮ್ಮೆಯೂ ಹಿಂದಿರುಗಿ ನೋಡಿರಲಿಲ್ಲ.

“ಒಂಬತ್ತು ಆದವಲ್ಲ ಕಸ್ತೂರಿ?” ಎಂದು ಪರಶಣ್ಣ ಕೇಳಿದ.

ಅವನ ಮುಖ ನೋಡಿದೆ. ತುಟಿ ಒಡೆದಿದ್ದವು.

“ಇಲ್ಲ ಪರಶಣ್ಣ. ಎಂಟು.”

ಅವನು ಮುಂದೆ ಓಡಿದ, ನಾನು ಅವನ ಹಿಂದೆ.